ಮಾಸ್ಟರ್ ಟೇಪಿಗೆ ಸಿಕ್ಕ ಹೃದಯಗಳು

ನಮ್ಮ ಬೀದಿಯಲ್ಲಿ ಯಾರ ಹೃದಯ ಹೇಗಿದೆ ಎಂದು ಮೊದಲೆಲ್ಲ ಡಾಕ್ಟರು ಹೇಳುತ್ತಿದ್ದರು. ಆಮೇಲೆ ಹದಿನೈದು ದಿನ ಟೈಲರ್ ಹೇಳಿದರು. ಆ ಹದಿನೈದು ದಿನಗಳ ಚರಿತ್ರೆಯನ್ನು ಬರೆದಿಡುವ ಯೋಗ್ಯತೆ ಇರುವುದು ನನಗೊಬ್ಬನಿಗೇ. ಏಕೆಂದರೆ ಟೈಲರ್ ಅಂಗಡಿಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ ಇದೆ, ಮತ್ತು ಆದ ಅನಾಹುತದಲ್ಲಿ ಅರ್ಧ ಪಾಲು ನನ್ನ ಮೆಷೀನಿನದು.

ಟೈಲರನ್ನು ಎಲ್ಲರೂ ಮಾಸ್ಟರ್ ಎನ್ನುತ್ತೇವೆ. ವಯಸ್ಸು ನಲವತ್ತನಾಲ್ಕು. ಕತ್ತಿನಲ್ಲಿ ಟೇಪು, ಕಿವಿಯ ಹಿಂದೆ ಸೀಮೆಸುಣ್ಣ, ಮೇಜಿನ ಮೇಲೆ ದಿಂಬಿನಷ್ಟು ದಪ್ಪದ ಅಳತೆ ಪುಸ್ತಕ. ಇಪ್ಪತ್ತೊಂದು ವರ್ಷಗಳಿಂದ ಬೀದಿಯ ಪ್ರತಿಯೊಬ್ಬನ ಎದೆ, ಸೊಂಟ, ತೋಳು ಆ ಪುಸ್ತಕದಲ್ಲಿ ದಾಖಲಾಗಿವೆ. ಒಳ್ಳೆಯ ಮನುಷ್ಯ. ಒಂದೇ ಕೊರತೆ ಎಂದರೆ ಹೊಸದಾಗಿ ತಿಳಿದ ವಿಷಯವನ್ನು ಅವರು ಒಂದು ಗಂಟೆ ಕೂಡ ತಮ್ಮಲ್ಲೇ ಇಟ್ಟುಕೊಳ್ಳಲಾರರು.

ಮೊದಲನೆಯ ದಿನ ಅವರಿಗೆ ಹೊಸ ವಿಷಯ ತಿಳಿದದ್ದು ಅಂಗಿಯ ಗುಂಡಿಗಳನ್ನು ಪೊಟ್ಟಣ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ತುಂಡಿನಿಂದ. ಇಪ್ಪತ್ತರಿಂದ ನಲವತ್ತರ ಒಳಗಿನವರು ತಮ್ಮ ಸೊಂಟದ ಸುತ್ತಳತೆಯನ್ನು ಗಮನಿಸಬೇಕು, ಅದು ಎತ್ತರದ ಅರ್ಧಕ್ಕಿಂತ ಹೆಚ್ಚಿದ್ದರೆ ಮುಂದೆ ಹೃದಯಕ್ಕೆ ತೊಂದರೆ ಬರುವ ಸಂಭವ ಜಾಸ್ತಿ ಎಂದು ಅದರಲ್ಲಿತ್ತು. ಕೆಳಗೆ 'ಅಳೆಯುವ ಸರಿಯಾದ ವಿಧಾನ' ಎಂಬ ದಪ್ಪ ಅಕ್ಷರಗಳಿದ್ದವು. ಅಲ್ಲಿಗೆ ಕಾಗದ ಹರಿದಿತ್ತು.

"ಉಳಿದಿದ್ದು ಎಲ್ಲಿ ಮಾಸ್ಟರ್?" ಎಂದು ಕೇಳಿದೆ.

"ಬೇಡವೇ ಬೇಡ. ಅಳೆಯೋದು ಹೇಗೆ ಅಂತ ನನಗೆ ಪೇಪರಿನವರು ಹೇಳಿಕೊಡಬೇಕಾ?" ಎಂದರು. ಮಾತು ಸರಿಯೆನಿಸಿತು. ಸರಿಯೆನಿಸಿದ್ದೇ ತಪ್ಪಾಯಿತು.

ನಾನು ಹೋಗಿದ್ದು ಪ್ಯಾಂಟಿನ ಕಾಲು ಮಡಚಿಸಲು. ಮಾಸ್ಟರ್ ಪ್ಯಾಂಟನ್ನು ಪಕ್ಕಕ್ಕೆಸೆದು, ಟ್ರಯಲ್ ರೂಮಿನ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಲು ಹೇಳಿದರು. ಶಾಲೆಯ ಮಕ್ಕಳ ಯೂನಿಫಾರಂಗೆಂದು ಅಲ್ಲಿ ಇಂಚಿನ ಗುರುತು ಹಾಕಿದ್ದರು.

"ಅರವತ್ತಾರು. ಅದರ ಅರ್ಧ ಎಷ್ಟು?"

"ಮೂವತ್ಮೂರು."

ಮಾಸ್ಟರ್ ಅಳತೆ ಪುಸ್ತಕ ತೆರೆದು ನನ್ನ ಪುಟ ಹುಡುಕಿದರು. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮ ಸೊಂಟ ಮೂವತ್ತಾರು. ಮೂರಿಂಚು ಹೆಚ್ಚಿದೆ. ಮನೇಲಿ ಹೇಳಿದ್ದೀರಾ?"

ಮನೆಗೆ ಹೋಗಿ ಹೇಳಿದೆ. ನನ್ನ ಹೆಂಡತಿ ಗಾಬರಿಯಾಗಲಿಲ್ಲ, ಅಳಲಿಲ್ಲ. "ಅವರು ಅಳೆದು ಕಂಡುಹಿಡಿದ್ರು, ನಾನು ನೋಡೇ ಹೇಳ್ತಿದ್ದೆ" ಎಂದು ಸಕ್ಕರೆ ಡಬ್ಬಿಯನ್ನು ತೆಗೆದು ಬೀರುವಿನ ಮೇಲಿಟ್ಟಳು. ನನಗೆ ವಯಸ್ಸು ಮೂವತ್ತಾರು, ಸೊಂಟವೂ ಮೂವತ್ತಾರು. ವರ್ಷಕ್ಕೊಂದು ಇಂಚಿನಂತೆ ಬೆಳೆದಿದ್ದೇನೆಂದು ಅವಳು ಲೆಕ್ಕ ಹಾಕಿ ಅಕ್ಕಪಕ್ಕದವರಿಗೂ ತಿಳಿಸಿದಳು.

ಮರುದಿನದಿಂದ ಟೈಲರ್ ಅಂಗಡಿಯ ಮುಂದೆ ಜನ ಸಾಲಾಗಿ ನಿಂತರು. ಹೊಲಿಸುವುದಕ್ಕೆ ಒಬ್ಬರೂ ಬಂದಿರಲಿಲ್ಲ. ಮಾಸ್ಟರ್ ಒಂದು ಚೀಟಿಯ ಮಾದರಿ ಬರೆದುಕೊಟ್ಟರು: ಎತ್ತರ ಇಷ್ಟು, ಸೊಂಟ ಇಷ್ಟು, ಹೃದಯಕ್ಕೆ ಹೆಚ್ಚುವರಿ ಇಷ್ಟು ಇಂಚು. ನಾನೇ ಅಂದವಾಗಿ ಗೆರೆ ಎಳೆದು ಇನ್ನೂರು ಪ್ರತಿ ತೆಗೆದುಕೊಟ್ಟೆ. ಅಚ್ಚುಕಟ್ಟಾಗಿ ಗೆರೆ ಎಳೆದ ಕಾಗದವನ್ನು ಜನ ಎಷ್ಟು ನಂಬುತ್ತಾರೆಂಬುದು ನನಗೆ ಆಗ ಗೊತ್ತಾಯಿತು. ಮೂಲೆಮನೆಯ ಅಜ್ಜಿ ಮಹಡಿ ಬಾಡಿಗೆಗೆ ಕೇಳಲು ಬಂದ ಯುವಕನನ್ನು ಬಾಗಿಲಲ್ಲೇ ನಿಲ್ಲಿಸಿ, "ಎರಡು ವರ್ಷದ ಕರಾರು ಅಂತೀಯ, ನಡುವೆ ಹೋಗಿಬಿಟ್ರೆ? ಮಾಸ್ಟರ್ ಚೀಟಿ ತಗೊಂಡು ಬಾ" ಎಂದು ಹಿಂದಕ್ಕೆ ಕಳಿಸಿದರು.

ಮೂರನೆಯ ದಿನ ಬೇಕರಿಯವನು ಜಗಳಕ್ಕೆ ಬಂದ. ಮೂವತ್ತೆರಡರ ದುಂಡನೆಯ ಆಸಾಮಿ. "ನಾಲ್ಕು ಟ್ರೇ ಬನ್ನು ಹಾಗೇ ಉಳಿದಿದೆ. ನಿಮ್ಮ ಟೇಪಿಗೂ ನನ್ನ ಬನ್ನಿಗೂ ಏನ್ರೀ ದ್ವೇಷ?" ಎಂದು ತೋಳು ಮಡಚಿ ನಿಂತ. ಮಾಸ್ಟರ್ ಅವನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ಪುಸ್ತಕ ತೆರೆದು, ಬೆರಳಿಟ್ಟು ತೋರಿಸಿದರು. ಎತ್ತರದ ಅರ್ಧ ಮೂವತ್ತೆರಡು, ಸೊಂಟ ನಲವತ್ತೊಂದು. ಬೇಕರಿಯವನು ಬೆಂಚಿನ ಮೇಲೆ ಕುಳಿತು ಕುಡಿಯಲು ನೀರು ಕೇಳಿದ.

ಇಡೀ ಬೀದಿಯಲ್ಲಿ ಪಾಸಾದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಮೊದಲನೆಯವರು ಲೈಸೆನ್ಸ್ ಇನ್‌ಸ್ಪೆಕ್ಟರ್. ಅವರನ್ನು ನೋಡಿದ ಯಾರೂ ಈ ಮಾತನ್ನು ನಂಬುವುದಿಲ್ಲ. ಸಾಹೇಬರು ಬೀದಿಯ ತಿರುವಿಗೆ ಬಂದಾಗ ಮೊದಲು ಹೊಟ್ಟೆ ಬರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಸಾಹೇಬರು ಬರುತ್ತಾರೆ. ಆದರೆ ಪುಸ್ತಕದಲ್ಲಿ ಅವರ ಸೊಂಟ ಮೂವತ್ತೇಳು, ಎತ್ತರ ಎಪ್ಪತ್ನಾಲ್ಕು. ಸರಿಯಾಗಿ ಅರ್ಧ. ಮೂವತ್ತೊಂಬತ್ತು ವಯಸ್ಸಿನ ಅವರು ಆ ಚೀಟಿಯನ್ನು ನನ್ನ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಕಚೇರಿಯ ಮೇಜಿನ ಮೇಲಿಟ್ಟುಕೊಂಡರು. ಲೈಸೆನ್ಸ್ ನವೀಕರಣಕ್ಕೆ ಹೋದವರಿಗೆಲ್ಲ ಅರ್ಧ ಗಂಟೆ ಆರೋಗ್ಯದ ಉಪದೇಶ. "ಮನುಷ್ಯನಿಗೆ ಬಾಯಿ ಮೇಲೆ ಹಿಡಿತ ಇರಬೇಕು ಕಣ್ರೀ" ಎನ್ನುತ್ತ ಎದುರಿಗಿದ್ದವನ ಬಿಸ್ಕತ್ತನ್ನೂ ತಾವೇ ತಿನ್ನುತ್ತಿದ್ದರಂತೆ.

ಇಷ್ಟಕ್ಕೇ ನಿಂತಿದ್ದರೆ ನಗುನಗುತ್ತ ಮುಗಿಯುತ್ತಿತ್ತು. ಆರನೆಯ ದಿನ ಮಾಸ್ಟರ ತಂಗಿಯನ್ನು ಮದುವೆಯಾಗುವ ಹುಡುಗ ಮದುವೆಯ ಕೋಟು-ಪ್ಯಾಂಟಿಗೆ ಅಳತೆ ಕೊಡಲು ಬಂದ.

ತಂಗಿಗೆ ಇಪ್ಪತ್ತೇಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಪಾರ್ಸೆಲ್ ತೂಗುವ ಕೆಲಸ. ಅರ್ಧ ಗ್ರಾಂ ಹೆಚ್ಚಿದ್ದರೂ ಬಿಡುವವಳಲ್ಲ, ಸ್ವಂತ ಅಣ್ಣನ ಪಾರ್ಸೆಲ್ಲನ್ನೂ ವಾಪಸು ಕಳಿಸಿದವಳು. ಹುಡುಗ ಲಿಫ್ಟ್ ಮೆಕ್ಯಾನಿಕ್. ಲಿಫ್ಟ್ ಕೆಟ್ಟ ಕಟ್ಟಡಕ್ಕಷ್ಟೇ ಅವನನ್ನು ಕರೆಯುವುದರಿಂದ ಅವನ ಜೀವಮಾನವೆಲ್ಲ ಮೆಟ್ಟಿಲು ಹತ್ತುವುದರಲ್ಲೇ ಕಳೆದಿತ್ತು. ಅಂಚೆ ಕಚೇರಿಯ ಲಿಫ್ಟ್ ಸರಿಮಾಡಲು ಬಂದವನು ಇವಳನ್ನು ನೋಡಿದ. ಮೂರು ದಿನದ ರಿಪೇರಿ ಮೂರು ತಿಂಗಳು ನಡೆಯಿತು. ಮಾಸ್ಟರಿಗೂ ಹುಡುಗ ತುಂಬಾ ಮೆಚ್ಚುಗೆಯಾಗಿದ್ದ. ಮದುವೆಗೆ ಇನ್ನು ಹದಿಮೂರು ದಿನವಿತ್ತು.

ಮಾಸ್ಟರ್ ಟೇಪು ಸುತ್ತಿದರು, ಪುಸ್ತಕದಲ್ಲಿ ಮೂವತ್ತೇಳು ಎಂದು ಬರೆದರು. ಅಭ್ಯಾಸಬಲದಿಂದ ಬಾಗಿಲ ಚೌಕಟ್ಟಿಗೂ ನಿಲ್ಲಿಸಿದರು. ಅರವತ್ತೇಳು. ಅದರ ಅರ್ಧ ಮೂವತ್ಮೂರೂವರೆ. ಅವರ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು.

"ಏನಾಯ್ತು ಮಾಸ್ಟರ್?" ಎಂದ ಹುಡುಗ.

"ಏನಿಲ್ಲ. ಮೆಟ್ಟಿಲು ನಿಧಾನಕ್ಕೆ ಹತ್ತಿ" ಎಂದರು.

ಅವನು ಹೋದ ಮೇಲೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಮೂರೂವರೆ ಇಂಚು, ಮೂರೂವರೆ ಇಂಚು ಎಂದು ಎರಡು ಸಲ ಹೇಳಿದರು. ಹುಡುಗನಿಗೆ ಹೇಳಿದರೆ ಎದೆಯೊಡೆದುಕೊಳ್ಳುತ್ತಾನೆ, ತಂಗಿಗೆ ಹೇಳಿದರೆ ತಮ್ಮ ತಲೆಯೊಡೆಯುತ್ತಾಳೆ ಎಂದು ಅವರ ಸಂಕಟ. ಕೊನೆಗೆ ಒಂದು ಉಪಾಯ ಹೊಳೆಯಿತೆಂದು ಎದ್ದು ಹೋದರು. ಮಾಸ್ಟರಿಗೆ ಉಪಾಯ ಹೊಳೆದಾಗ ಅವರನ್ನು ಹಿಡಿದು ಕೂರಿಸುವುದು ನೆರೆಯವನ ಕರ್ತವ್ಯ. ನಾನು ಆ ಕರ್ತವ್ಯದಲ್ಲಿ ತಪ್ಪಿದೆ.

ಹನ್ನೆರಡನೆಯ ದಿನ ಹುಡುಗ ಟ್ರಯಲ್ ನೋಡಲು ಬಂದ. ಪರದೆಯ ಹಿಂದೆ ಸ್ವಲ್ಪ ಹೊತ್ತು ಏದುಸಿರು ಕೇಳಿಸಿತು. ಆಮೇಲೆ ಅವನು ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ. ಗುಂಡಿಗೂ ಅದು ತೂರಬೇಕಾದ ಕಾಜಕ್ಕೂ ನಡುವೆ ಒಂದಿಂಚು ಅಂತರ.

"ಪ್ಯಾಂಟು ಸ್ವಲ್ಪ ಚಿಕ್ಕದಾಯ್ತು ಮಾಸ್ಟರ್."

"ಪ್ಯಾಂಟು ಸರಿಯಾಗಿದೆ. ಮೂವತ್ಮೂರೂವರೆಗೇ ಹೊಲಿದಿದ್ದೀನಿ. ನೀವು ದೊಡ್ಡದಾಗಿದ್ದೀರಿ."

"ಹೊಲಿಗೆ ಬಿಚ್ಚಿ ಸ್ವಲ್ಪ ಬಿಟ್ಟುಕೊಡಿ."

"ಆಗಲ್ಲ. ಈ ಪ್ಯಾಂಟು ನಿಮಗೆ ಯಾವತ್ತು ಹಿಡಿಸುತ್ತೋ ಅವತ್ತು ಮದುವೆ ಇಟ್ಕೊಳ್ಳೋಣ."

ಹುಡುಗ ಸಾಧು. ಪ್ಯಾಂಟನ್ನು ಮಡಚಿ ಮೇಜಿನ ಮೇಲಿಟ್ಟು, ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಹೊರಟುಹೋದ. ಆ ವೇಳೆಗೆ ಆರೋಗ್ಯದ ಕಾರಣಕ್ಕೆಂದು ಬನ್ನು ಬಿಟ್ಟು ರಸ್ಕಿಗೆಂದು ಪಕ್ಕದ ಬೇಕರಿಗೆ ಬಂದಿದ್ದ ನಾಲ್ಕು ಜನ ಇದನ್ನು ನೋಡಿದರು. ಸಂಜೆಯೊಳಗೆ ಮದುವೆ ನಿಂತಿತೆಂದು ಬೀದಿಯ ಆ ತುದಿಯಲ್ಲೂ, ಹುಡುಗನಿಗೆ ಎದೆನೋವು ಬಂದು ಮಲಗಿದ್ದಾನೆಂದು ಈ ತುದಿಯಲ್ಲೂ ಸುದ್ದಿ.

ಹದಿನೈದನೆಯ ದಿನ ಬೆಳಿಗ್ಗೆ ಹುಡುಗನ ತಾಯಿ ಬಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ಒಳಗೆ ಕಾಲಿಟ್ಟೊಡನೆ ಹೊಲಿಗೆ ಯಂತ್ರ ತಾನಾಗಿಯೇ ನಿಂತಿತು ಎಂದು ಮಾಸ್ಟರ್ ಈಗಲೂ ಹೇಳುತ್ತಾರೆ.

"ಬೀಗರೇ, ಹುಡುಗಿ ಕೊಡೋಕೆ ಮನಸ್ಸಿಲ್ಲದಿದ್ರೆ ನೇರವಾಗಿ ಹೇಳಿ. ನನ್ನ ಮಗನ ಹೊಟ್ಟೇನ ಯಾಕೆ ನಡುವೆ ತರ್ತೀರಿ?"

"ಹಾಗಲ್ಲಮ್ಮ, ಅಳತೆ..."

"ಮೂವತ್ತು ವರ್ಷ ಪಾಠ ಹೇಳಿದೋಳು ನಾನು. ನೆಪ ಹೇಳೋರನ್ನ ಮುಖ ನೋಡೇ ಕಂಡುಹಿಡೀತೀನಿ. ಇವತ್ತು ಸಂಜೆ ಐದಕ್ಕೆ ಮಗನನ್ನ ಕರ್ಕೊಂಡು ಬರ್ತೀನಿ. ಎಲ್ಲರ ಎದುರಿಗೆ ಹೌದು ಅನ್ನಿ, ಇಲ್ಲ ಅನ್ನಿ. ಇಲ್ಲ ಅಂದ್ರೆ ಅಲ್ಲಿಂದಲೇ ಫೋನ್ ಮಾಡಿ ಮದುವೆ ಹಾಲ್ ಬೇಡ ಅಂತೀನಿ."

ನಾನು ಅಂಗಡಿಗೆ ಬೀಗ ಹಾಕಿ ಅಂಚೆ ಕಚೇರಿಗೆ ಓಡಿದೆ. ತಂಗಿ ಕೌಂಟರಿನ ಆಚೆಯಿಂದ ಎಲ್ಲವನ್ನೂ ಕೇಳಿದಳು. ಪ್ಯಾಂಟಿನ ವಿಷಯ ಬಂದಾಗ, "ಗುಂಡಿಗೂ ಕಾಜಕ್ಕೂ ಎಷ್ಟು ದೂರ ಇತ್ತು?" ಎಂದು ಕೇಳಿದಳು. ಒಂದಿಂಚು ಎಂದೆ. "ಸರಿಯಾಗಿ ನೋಡಿದ್ರಾ?" ಎಂದಳು. ನೋಡಿದೆ ಎಂದೆ. ಅವಳು ಮುಂದಿನ ಪಾರ್ಸೆಲ್ ತೂಕಕ್ಕಿಟ್ಟಳು.

ಸಂಜೆ ಐದಕ್ಕೆ ಟೈಲರ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗ, ಅವನ ತಾಯಿ, ಬೇಕರಿಯವನು, ನನ್ನ ಹೆಂಡತಿ, ಒಳ್ಳೆಯ ಉದಾಹರಣೆಯೊಂದು ಹತ್ತಿರ ಇರಲಿ ಎಂದು ತಾವಾಗಿಯೇ ಬಂದ ಇನ್‌ಸ್ಪೆಕ್ಟರ್. ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸ್ ಕೈತುಂಬ ಜೆರಾಕ್ಸ್ ಚೀಟಿ ಹಿಡಿದುಕೊಂಡು ಬಂದರು.

"ಇದನ್ನ ಅಚ್ಚು ಹಾಕಿದ್ದು ಯಾರು? ಎರಡು ವಾರದಿಂದ ಜನ ಬಂದು ಹೃದಯದಿಂದ ಮೂರಿಂಚು ತೆಗೀರಿ ಅಂತಾರೆ. ಡಾಕ್ಟರ್ ರಜೆ ಹಾಕಿದ್ದಾರೆ."

ನಾನು ಬೇಕರಿಯವನ ಹಿಂದೆ ಸರಿದೆ. ಅವನ ಹಿಂದೆ ಜಾಗ ಧಾರಾಳವಾಗಿತ್ತು.

"ಅದು ಹಾಗಿರಲಿ. ಬೀಗರೇ, ಹೌದೋ ಅಲ್ಲವೋ?" ಎಂದರು ಹುಡುಗನ ತಾಯಿ, ಫೋನ್ ಕೈಗೆ ತೆಗೆದುಕೊಳ್ಳುತ್ತ.

ಆಗ ತಂಗಿ ಕೆಲಸ ಮುಗಿಸಿ ಒಳಗೆ ಬಂದಳು. ಚೀಲವನ್ನು ಮೊಳೆಗೆ ಸಿಕ್ಕಿಸಿ ನೇರವಾಗಿ ಮೇಜಿನ ಹತ್ತಿರ ಹೋದಳು.

"ಅಣ್ಣ, ಇವರ ಸೊಂಟ ಎಷ್ಟು?"

"ಮೂವತ್ತೇಳು."

"ಪ್ಯಾಂಟು?"

"ಮೂವತ್ಮೂರೂವರೆ."

"ಹಾಗಿದ್ರೆ ಮೂರೂವರೆ ಇಂಚು ಕಮ್ಮಿ ಬೀಳಬೇಕಿತ್ತು. ಒಂದೇ ಇಂಚು ಕಮ್ಮಿ ಬಿದ್ದಿದೆ. ಉಳಿದ ಎರಡೂವರೆ ಇಂಚು ಎಲ್ಲಿ ಹೋಯ್ತು?"

ಮಾಸ್ಟರ್ ಪ್ಯಾಂಟನ್ನು ಎತ್ತಿ ನೋಡಿದರು, ಟೇಪನ್ನು ತಿರುಗಿಸಿ ನೋಡಿದರು, ಕಡೆಗೆ ನನ್ನನ್ನು ನೋಡಿದರು, ನಾನೇ ಕದ್ದಿದ್ದೇನೆ ಎನ್ನುವಂತೆ.

"ನೀವು ಹೇಗೆ ಅಳೀತೀರಿ ತೋರಿಸಿ" ಎಂದರು ನರ್ಸ್. ಅಳೆಯುವುದಕ್ಕೆ ಹತ್ತಿರ ಸಿಕ್ಕಿದ್ದು ನಾನು. ಮಾಸ್ಟರ್ ಅಂಗಿಯ ಮೇಲೆ, ಬೆಲ್ಟಿನ ಮೇಲೆ ಟೇಪು ಸುತ್ತಿ, ಟೇಪಿನೊಳಗೆ ಎರಡು ಬೆರಳು ತೂರಿಸಿ, ಸ್ವಲ್ಪ ಸಡಿಲಿಸಿ ಓದಿದರು. "ಮೂವತ್ತಾರು."

"ಬೆರಳು ಯಾಕೆ?"

"ಬೆರಳಿಲ್ಲದೆ ಹೇಗೆ ಸಿಸ್ಟರ್? ಮನುಷ್ಯ ಕೂರಬೇಕು, ಉಣ್ಣಬೇಕು. ನಮ್ಮಪ್ಪ ಕಲಿಸಿದ್ದೇ ಹಾಗೆ. ಬೆರಳು ಬಿಟ್ಟು ಅಳೆದ ಪ್ಯಾಂಟು ಯಾರಿಗೆ ಹಿಡಿಸುತ್ತೆ?"

ನರ್ಸ್ ಆ ಎರಡು ಬೆರಳನ್ನು ಹೊರಗೆಳೆದರು. ಟೇಪು ಮೂವತ್ತನಾಲ್ಕಕ್ಕೆ ಬಂದು ನಿಂತಿತು.

ಅಂಗಡಿಯಲ್ಲಿ ಎದ್ದ ಗದ್ದಲವನ್ನು ವರ್ಣಿಸಲಾರೆ. ಬೀದಿಗೆ ಬೀದಿಯೇ ನಿಂತ ನಿಲುವಿನಲ್ಲಿ ಎರಡಿಂಚು ಇಳಿಯಿತು. ಬೇಕರಿಯವನು ನನ್ನನ್ನು ಅಪ್ಪಿಕೊಂಡ, ನಾನು ಅವನನ್ನು ಅಪ್ಪಿಕೊಳ್ಳಲು ಹೋಗಿ ಅರ್ಧಕ್ಕೇ ಕೈ ಸಾಲದೆ ಬಿಟ್ಟೆ. ನಾನು ಹೆಂಡತಿಯ ಕಡೆ ತಿರುಗಿ, "ಸಕ್ಕರೆ ಡಬ್ಬಿ ಕೆಳಗಿಳಿಸು" ಎಂದೆ.

"ಸ್ವಲ್ಪ ತಡೀರಿ" ಎಂದರು ನರ್ಸ್. "ಜಾಗವೂ ತಪ್ಪು. ಇವರು ಅಳೀತಿರೋದು ಪ್ಯಾಂಟು ನಿಲ್ಲೋ ಜಾಗ. ನಾವು ನೋಡೋದು ಹೊಟ್ಟೆ ಇರೋ ಜಾಗ." ಪಕ್ಕೆಲುಬು ಮುಗಿಯುವಲ್ಲಿ ಒಂದು, ಸೊಂಟದ ಮೂಳೆ ಶುರುವಾಗುವಲ್ಲಿ ಒಂದು ಬೆರಳಿಟ್ಟು, ಎರಡರ ನಡುಮಧ್ಯೆ, ಅಂಗಿ ಎತ್ತಿಸಿ ಟೇಪು ಸುತ್ತಿದರು. ನಾನು ಪುನಃ ಮೂವತ್ತೈದಾದೆ. ಹೆಂಡತಿ ಡಬ್ಬಿಯ ಮಾತನ್ನೇ ಎತ್ತಲಿಲ್ಲ.

ಇನ್‌ಸ್ಪೆಕ್ಟರಿಗೆ ಇದ್ದಕ್ಕಿದ್ದಂತೆ ಕಚೇರಿಯ ತುರ್ತು ಕೆಲಸ ನೆನಪಾಯಿತು. ಬಾಗಿಲಲ್ಲಿ ಹುಡುಗನ ತಾಯಿ ನಿಂತಿದ್ದರು. ಅವರನ್ನು ದಾಟಿ ಹೋದ ಮನುಷ್ಯ ಇನ್ನೂ ಹುಟ್ಟಿಲ್ಲ. ಸಾಹೇಬರು ಪ್ಯಾಂಟು ಕಟ್ಟುತ್ತಿದ್ದದ್ದು ಹೊಟ್ಟೆಯ ಕೆಳಗೆ, ಅದರ ನೆರಳಿನಲ್ಲಿ. ನರ್ಸ್ ಮೇಲಕ್ಕೆ ಬಂದು ಸರಿಯಾದ ಜಾಗದಲ್ಲಿ ಸುತ್ತಿದಾಗ ಟೇಪು ನಲವತ್ತನಾಲ್ಕು ಎಂದಿತು. ಏಳಿಂಚು ಹೆಚ್ಚು. ಸಾಹೇಬರು ಲ್ಯಾಮಿನೇಷನ್ ಚೀಟಿಯನ್ನು ಜೇಬಿನಿಂದ ತೆಗೆದು, "ಇದಕ್ಕೆ ಬೆಲೆಯೇ ಇಲ್ವಾ?" ಎಂದು ನನ್ನನ್ನು ಕೇಳಿದರು. ನೀರು ಬಿದ್ದರೆ ಹಾಳಾಗುವುದಿಲ್ಲ ಎಂದಷ್ಟೇ ಹೇಳಿದೆ.

ಈ ಗಲಾಟೆಯ ನಡುವೆ ತಂಗಿ ಅಣ್ಣನ ಮುಂದೆ ಬಂದು ನಿಂತಳು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಇನ್ನು ನಾಲ್ಕು ದಿನಕ್ಕೆ ಮದುವೆ. ಅವರು ಮೂರು ದಿನದಿಂದ ಊಟ ಬಿಟ್ಟಿದ್ದಾರೆ, ಆ ಪ್ಯಾಂಟಿಗೋಸ್ಕರ."

ಮಾಸ್ಟರ್ ಟೇಪನ್ನು ಕೈಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. "ಅಪ್ಪ ಎದೆ ಹಿಡ್ಕೊಂಡು ಇದೇ ಮೆಷೀನ್ ಮೇಲೆ ತಲೆಯಿಟ್ಟು ಹೋದಾಗ ಅವರಿಗೆ ನಲವತ್ತೆರಡು. ನಿನಗೆ ಆರು ವರ್ಷ, ಗೊತ್ತಾಗಿಲ್ಲ. ಅಮ್ಮ ಆಮೇಲೆ ಹೇಗೆ ಬದುಕಿದಳು ಅಂತ ನಾನು ನೋಡಿದ್ದೀನಿ. ಅಪ್ಪ ಊರಿಗೆಲ್ಲ ಅಳತೆ ತಗೊಂಡ್ರು, ಅವರ ಅಳತೆ ಯಾರೂ ತಗೊಳ್ಳಲಿಲ್ಲ. ನಿನಗೂ ಹಾಗಾಗೋದು ಬೇಡ ಅಂತ..."

ಹುಡುಗನ ತಾಯಿ ಫೋನನ್ನು ಚೀಲಕ್ಕೆ ಹಾಕಿಕೊಂಡರು. "ಇದನ್ನ ಬೆಳಿಗ್ಗೆಯೇ ಹೇಳಬಾರದಿತ್ತಾ ಬೀಗರೇ" ಎಂದರು. ಅವರ ದನಿ ಅಷ್ಟು ಮೆತ್ತಗಾಗಿದ್ದನ್ನು ಅವರ ಮಗನೂ ಕೇಳಿರಲಿಲ್ಲವಂತೆ.

ತಂಗಿ ಅಣ್ಣನ ಕೈಯಿಂದ ಟೇಪು ತೆಗೆದುಕೊಂಡು ಹುಡುಗನ ಮುಂದೆ ಹೋದಳು. "ಅಂಗಿ ಎತ್ತಿ." ಅವನು ನಾಚಿ ತಾಯಿಯ ಕಡೆ ನೋಡಿದ. ತಾಯಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ತಂಗಿ ಎರಡೂ ಕೈಯನ್ನು ಅವನ ಸುತ್ತ ತಂದು ಟೇಪು ಹಾಕಿದಳು. ಅವನು ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಕಟ್ಟಿದ.

"ಉಸಿರು ಬಿಡಿ."

ಅವನು ಬಿಡಲಿಲ್ಲ.

"ನನಗೇನೂ ಅವಸರ ಇಲ್ಲ, ಕಾಯ್ತೀನಿ" ಎಂದಳು ತಂಗಿ. ಕಾದಳು. ನಾವೂ ಕಾದೆವು. ಹುಡುಗನ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕೊನೆಗೆ ಸೋತು ಉಸಿರು ಬಿಟ್ಟ.

"ಮೂವತ್ತನಾಲ್ಕು."

ಅರ್ಧ ಇಂಚು ಹೆಚ್ಚು. ಎಲ್ಲರೂ ನರ್ಸ್ ಕಡೆ ತಿರುಗಿದೆವು. "ಟೇಪು ಎಚ್ಚರಿಸುತ್ತೆ ಅಷ್ಟೇ, ತೀರ್ಪು ಕೊಡಲ್ಲ. ಬಿ.ಪಿ., ಸಕ್ಕರೆ, ರಕ್ತ ಎಲ್ಲಾ ನೋಡಬೇಕು. ಈ ವಯಸ್ಸಲ್ಲಿ ಗೊತ್ತಾದ್ರೆ ಒಳ್ಳೇದೇ" ಎಂದರು ಅವರು.

"ಅಣ್ಣ, ಈ ಅರ್ಧ ಇಂಚು ನನ್ನ ಜವಾಬ್ದಾರಿ. ನೀನು ಹೊಲಿಗೆ ಬಿಚ್ಚು" ಎಂದಳು ತಂಗಿ.

ಮಾಸ್ಟರ್ ಕಣ್ಣೊರೆಸಿಕೊಂಡು ಕತ್ತರಿಗೆ ಕೈ ಹಾಕಿದರು. ತಂಗಿ ಅದನ್ನು ಆಚೆ ಸರಿಸಿದಳು. "ಅದಕ್ಕೆ ಮೊದಲು ಕೈ ಮೇಲೆತ್ತು."

"ನನಗ್ಯಾಕೆ? ಅದು ಯುವಕರಿಗೆ ಬರೆದಿದ್ದು. ನನಗೆ ನಲವತ್ತು ದಾಟಿದೆ."

"ಎತ್ತು ಅಣ್ಣ."

ಇಪ್ಪತ್ತೊಂದು ವರ್ಷ ಬೀದಿಯವರ ಕೈ ಎತ್ತಿಸಿದ ಮನುಷ್ಯ ತಾನೇ ಎರಡೂ ಕೈ ಎತ್ತಿ ನಿಂತರು. ತಂಗಿ ಟೇಪು ಸುತ್ತಿದಳು, ಓದಿದಳು, ಮತ್ತೊಮ್ಮೆ ಓದಿದಳು. ಪ್ರತಿ ಅಂಕಿಯನ್ನೂ ಜೋರಾಗಿ ಹೇಳುತ್ತಿದ್ದವಳು ಈ ಅಂಕಿಯನ್ನು ಹೇಳಲಿಲ್ಲ. ಟೇಪನ್ನು ಹಾಗೇ ಹಿಡಿದು ನರ್ಸಿಗೆ ತೋರಿಸಿದಳು. ನರ್ಸ್ ನೋಡಿ ತಲೆಯಾಡಿಸಿದರು.

"ನಾಳೆ ಬೆಳಿಗ್ಗೆ ಏಳಕ್ಕೆ ಕೇಂದ್ರಕ್ಕೆ ಬನ್ನಿ ಮಾಸ್ಟರ್. ಖಾಲಿ ಹೊಟ್ಟೇಲಿ ಬರಬೇಕು."

ಹುಡುಗ ಮುಂದೆ ಬಂದು, "ನಾನು ಕರ್ಕೊಂಡು ಬರ್ತೀನಿ ಸಿಸ್ಟರ್. ಭಾವನ ಜೊತೆ ನಾನೂ ರಕ್ತ ಕೊಡ್ತೀನಿ" ಎಂದ.

ಮಾಸ್ಟರ್ ಕೈಯೆತ್ತಿಕೊಂಡೇ ನರ್ಸ್ ಕಡೆ ತಿರುಗಿದರು. "ಖಾಲಿ ಹೊಟ್ಟೇಲಿ ಬಂದ್ರೆ ಎರಡಿಂಚು ಕಮ್ಮಿ ಬರುತ್ತಾ ಸಿಸ್ಟರ್?"

ತಂಗಿ ಅವರ ಎರಡೂ ಕೈಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು, ಆದರೆ ಬಹಳ ಹೊತ್ತು ಬಿಡಲಿಲ್ಲ.